ಉಡಿಗೆ ಗಂಟು ಹಾಕಿಸಿದ ಮದ್ದಿನ ಸಾಬ

ಮೊನ್ನೆ ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳದೆ ಬೇರೆ ಏನು ಬರೆಯಲಿಕ್ಕೂ ನನ್ನ ಕೈ ಏಳುತ್ತಿಲ್ಲ. ಕೂಸು ನಮ್ಮ ಕಮಲಾಪುರದ ಬಾಳೆಹಣ್ಣಿನ ಹಾಗೆ ಕೆಂಪಗೆ ಇದೆ. ಅತ್ತರೆ ಓಣಿಯ ಕೊನೆಯ ಮನೆಯವರೆಗೂ ಕೇಳುತ್ತದೆ. ಕಲಬುರಗಿಯಲ್ಲಿ ನನ್ನ ಮಗನ ಮನೆಯಿರುವ ಓಣಿಗೆಲ್ಲ ಪೇಢೆ ಹಂಚಿದೆ. ಅದೂ ಸಾಲದೆ ಸೇಡಂ ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಎತ್ತಿಗೆ ಹುಲ್ಲು ಹಾಕುತ್ತಿದ್ದ, ಗುರುತಿಲ್ಲದ ಒಬ್ಬನ ಕೈಯಲ್ಲೂ ಒಂದು ಇಟ್ಟೆ.

"ಯಾಕವ್ವಾ ಇದು?" ಅಂದ.

"ಮೊಮ್ಮಗಳು ಹುಟ್ಯಾಳ!"

"ಹೆಣ್ಣೇನು?"

"ಹೌದಪ್ಪಾ ಹೆಣ್ಣೇ. ಸುಮ್ಮ ತಿನ್ನು" ಅಂದೆ.

ಕೂಸು ಹುಟ್ಟಿದ ದಿನ ಸಂಜೆ ಹದವಾದ ಮಳೆ ಬಿತ್ತು. ನೋಡಲು ಬಂದ ಪಕ್ಕದ ಮನೆಯಾಕೆ ತೊಟ್ಟಿಲಿಗೆ ಬಗ್ಗಿ, "ಕಾಲ್ಗುಣ ಛಲೋ ಅದ ನೋಡ್ರಿ, ಬಂದ ದಿನಾನೇ ಮಳಿ ತಂದಾಳ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ನನಗೆ ಮಾತ್ರ ಸುಮ್ಮನಿರಲಿಕ್ಕೆ ಆಗಲಿಲ್ಲ. "ಅವ್ವಾ, ಈ ಕೂಸಿನ ಕಾಲು ಇನ್ನ ನೆಲಾನೇ ಮುಟ್ಟಿಲ್ಲ. ಮಳಿ ಮೋಡದಿಂದ ಬಂದದ. ನಾಳಿ ಬರ್ಲಿಲ್ಲಂದ್ರ ಅದನ್ನೂ ಇದರ ಮ್ಯಾಲ ಹಾಕಬ್ಯಾಡ್ರಿ ಮತ್ತ" ಅಂದೆ. ಆಕೆ ನಕ್ಕು ಕೂಸಿಗೆ ದೃಷ್ಟಿ ತೆಗೆದು ಹೋದಳು.

ಈ ಮಾತು ನನ್ನ ಸ್ವಂತದ್ದಲ್ಲ. ನಾನು ಹೊಸ ಸೊಸೆಯಾಗಿದ್ದಾಗ ನನ್ನ ಸಲುವಾಗಿ ಇಂಥ ಮಾತನ್ನು ಊರ ಮುಂದೆ ನಿಂತು ಆಡಿದವನು ಒಬ್ಬನಿದ್ದ. ಆತ ತೀರಿಕೊಂಡು ಎಷ್ಟೋ ಮಳೆಗಾಲಗಳು ಹೋದವು. ಆದರೆ ಮನೆಯಲ್ಲಿ ಇಂಥ ಸಂತೋಷವಾದಾಗ ನನಗೆ ದೇವರಿಗಿಂತ ಮೊದಲು ಆತ ನೆನಪಾಗುತ್ತಾನೆ. ದೇವರು ಸಿಟ್ಟು ಮಾಡಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ. ನಾನು ಮಠದ ಜಗಲಿಯ ಮೇಲೆ ಸ್ವಲ್ಪ ಕಾಲ ಅಕ್ಷರ ತಿದ್ದಿದವಳು. ತಪ್ಪಿದ್ದಲ್ಲಿ ಓದುವವರು ಸರಿಮಾಡಿಕೊಳ್ಳಬೇಕು.

ಆತನ ಹೆಸರು ಬರೆಯಲಾರೆ, ಏಕೆಂದರೆ ನನಗೆ ಗೊತ್ತಿಲ್ಲ. ಆಗ ನಿಜಾಮರ ಆಳ್ವಿಕೆ. ಸೊಸೆಯಾದವಳು ಪರಗಂಡಸಿನ ಹೆಸರು ಕೇಳುವ ರೂಢಿ ಇರಲಿಲ್ಲ. ಊರು ಆತನನ್ನು ಮದ್ದಿನ ಸಾಬ ಎನ್ನುತ್ತಿತ್ತು, ನಾನೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡೆ. ಮದ್ದು ಎಂದರೆ ಕಷಾಯವಲ್ಲ, ಬಂದೂಕಿಗೂ ತೋಪಿಗೂ ತುಂಬುವ ಕರಿ ಮದ್ದು. ಬಾವಿಗೆ ಬಂಡೆ ಅಡ್ಡ ಬಂದಲ್ಲಿ ಅದರಲ್ಲಿ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಒಡೆಯುವುದು ಆತನ ಕಸುಬು. ಅದಕ್ಕೆ ಸುರಂಗ ಹಾರಿಸುವುದು ಎನ್ನುತ್ತಿದ್ದರು.

ಆತ ಮೊದಲ ಸಲ ನಮ್ಮ ಹೊಲಕ್ಕೆ ಬಂದಾಗ ಗಾಡಿಯ ಮೇಲೆ ಕೂತು ಬರಲಿಲ್ಲ, ಗಾಡಿಯ ಹಿಂದೆ ನಡೆದು ಬಂದ. ಗಾಡಿಯಲ್ಲಿ ಕೂತಿದ್ದದ್ದು ಒಂದು ಚರ್ಮದ ಚೀಲ. ಕೆಳಗೆ ಹುಲ್ಲಿನ ಮೆತ್ತೆ, ಮೇಲೆ ಕಂಬಳಿ, ರಾಣಿಯ ದಿಮಾಕು. ಗಾಡಿ ಹೊಡೆಯುವವನು ಬೀಡಿ ಹಚ್ಚಲು ಕೈ ಹಾಕಿದ್ದೇ ತಡ, ಹಿಂದಿನಿಂದ ಕೂಗು ಬಂತು:

"ನಕ್ಕೋ ಮಗನ, ಬ್ಯಾಡ! ನಿನ್ನ ಬೀಡಿ, ನನ್ನ ಬೇಗಂ ಒಂದ ಗಾಡ್ಯಾಗ ಕೂಡಂಗಿಲ್ಲ. ಕೂಡಸಬೇಕಂತಿದ್ರ ನಾ ಆ ಹೊಲದ ಬದುವಿನ ಮ್ಯಾಲ ಹೋಗಿ ನಿಂದರ್ತೀನಿ, ಆಮ್ಯಾಲ ಕೂಡಸು!"

ಮದ್ದಿಗೆ ಆತ ಬೇಗಂ ಎನ್ನುತ್ತಿದ್ದ. ಅದರ ವಿಷಯ ಮಾತನಾಡುವಾಗ ದನಿ ಸಣ್ಣದಾಗುತ್ತಿತ್ತು. ಉಳಿದ ಮಾತೆಲ್ಲ ಕೂಗಾಟವೇ. ಕಿವಿ ಅಷ್ಟಕ್ಕಷ್ಟೆ, ಸುರಂಗದ ಸದ್ದು ಅದನ್ನು ತಿಂದಿತ್ತು. ಎಡ ಹುಬ್ಬು ಅರ್ಧ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ. ಏನಾಯಿತೆಂದು ಕೇಳಿದವರಿಗೆ "ಬೇಗಂ ಒಮ್ಮಿ ಮುತ್ತು ಕೊಟ್ಟಾಳ" ಅನ್ನುತ್ತಿದ್ದ. ಹಾಗಿದ್ದೂ ಆತನಷ್ಟು ಒಪ್ಪವಾಗಿ ಇರುವ ಗಂಡಸನ್ನು ನಾನು ನೋಡಿಲ್ಲ. ಕಣ್ಣಿಗೆ ಸುರಮಾ, ಕಿವಿಯ ಸಂದಿಯಲ್ಲಿ ಅತ್ತರದ ಹತ್ತಿ, ಒಗೆದ ಬಿಳಿ ಅಂಗಿ. ಬಾವಿಯ ಧೂಳಿನಲ್ಲಿ ಇಳಿಯುವ ಮುಂಚೆ ಅಂಗಿ ಬಿಚ್ಚಿ, ಮಡಚಿ, ಕಲ್ಲಿನ ಮೇಲಿಟ್ಟು, ಆ ಕಲ್ಲನ್ನು ಮೊದಲು ಒರೆಸಿದೆನೋ ಇಲ್ಲವೋ ಎಂದು ಅಂಗಿಯನ್ನು ಮತ್ತೆ ಎತ್ತಿ ನೋಡುತ್ತಿದ್ದ.

ಬಡಾಯಿಯಂತೂ ಹೇಳತೀರದು. ಬೀದರಿನ ಕಡೆ ತಾನು ಒಡೆದ ಬಂಡೆ, ಸೇಡಂ ಕಡೆ ತಾನು ತೆಗೆದ ನೀರು, ಇವನ್ನು ಕೇಳುವವರಿಲ್ಲದಿದ್ದರೆ ಎತ್ತಿಗಾದರೂ ಹೇಳುತ್ತಿದ್ದ. "ನಾ ತುಂಬಿದ ತೂತು ಇವತ್ತಿನ ತನಾ ಖಾಲಿ ಹಾರಿಲ್ಲ. ಹಾರಿತ್ತಂದ್ರ ಈ ಕಸುಬು ಬಿಟ್ಟು ಬಳಿ ಮಾರ್ತೀನಿ." ಇದು ಆತನ ದಿನದ ಮಂತ್ರ. ಆತನ ಈ ಹೆಮ್ಮೆಯನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಆತ ಅದನ್ನು ಏನು ಮಾಡಿದ ಎನ್ನುವುದೇ ನಾನು ಹೇಳಬೇಕಾದ ವಿಷಯ.

ಈಗ ನನ್ನ ಕಷ್ಟ ಹೇಳುತ್ತೇನೆ. ನನ್ನ ತವರು ಕಲಬುರಗಿ, ಕೋಟೆಯ ಹತ್ತಿರದ ಓಣಿ. ಕಮಲಾಪುರಕ್ಕೆ ಮದುವೆಯಾಗಿ ಬಂದಾಗ ಅತ್ತೆಮನೆಯವರು ಬಾಳೆ ಹಚ್ಚಬೇಕೆಂದು ಹೊಲದಲ್ಲಿ ಬಾವಿ ತೋಡಿಸುತ್ತಿದ್ದರು. ಸುತ್ತಲಿನ ಹೊಲದವರಿಗೆಲ್ಲ ನೀರು ಸಿಕ್ಕಿತ್ತು. ನಮ್ಮ ಬಾವಿಯಲ್ಲಿ ಮೊದಲು ಕರಿ ಮಣ್ಣು ಬಂತು, ಆಮೇಲೆ ಮೆತ್ತನೆಯ ಮುರಮು ಬಂತು. ನಾನು ಸೇರು ಒದ್ದು ಮನೆ ತುಂಬಿದ ವಾರದಲ್ಲೇ ಹಾಸುಗಲ್ಲು ಬಂತು. ಗೋಡೆಯಿಂದ ಗೋಡೆಗೆ ಒಂದೇ ಕರಿಬಂಡೆ. ಸುತ್ತಿಗೆ ಹೊಡೆದರೆ ಸುತ್ತಿಗೆಯೇ ಹಿಂದೆ ಜಿಗಿಯುತ್ತಿತ್ತು.

ನನ್ನ ಅತ್ತೆ ಕೆಟ್ಟವಳಲ್ಲ. ಆದರೆ ಬಾಯಿ ಬಿಟ್ಟರೆ ನೇರ. "ಇಕಿ ಕಾಲಿಟ್ಟಳು, ಕಲ್ಲು ಎದ್ದಿತು" ಅಂದಳು. ಅಂದದ್ದು ಮನೆಯಲ್ಲಿ ಉಳಿಯಲಿಲ್ಲ, ಮಹಾಗಾಂವದಿಂದ ಬಂದ ನೆಂಟರೂ ಅದನ್ನೇ ಅಂದರು. ಮಾವ ತಲೆ ತಗ್ಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನ ಗಂಡ ತಾಯಿಯ ಎದುರು ಮಾತಾಡುವ ವಯಸ್ಸಿನವರಾಗಿರಲಿಲ್ಲ. ಕೊನೆಗೆ ಕಲಬುರಗಿಗೆ ಹೋಗುವ ಗಾಡಿಯವನ ಕೈಲಿ ನನ್ನ ಅಪ್ಪನಿಗೆ ಮಾತು ಹೇಳಿಕಳಿಸಿದರು. ಸುರಂಗದವನನ್ನು ಕರೆಸುತ್ತೇವೆ, ಅವನ ಕೈಲೂ ಆಗದಿದ್ದರೆ ನಿಮ್ಮ ಮಗಳನ್ನು ನೀವು ಕರೆದುಕೊಂಡು ಹೋಗಬೇಕು, ನಮ್ಮ ಹುಡುಗನಿಗೆ ಬೇರೆ ನೋಡುತ್ತೇವೆ. ಅಷ್ಟೇ ಮಾತು. ಬಂಡೆ ಒಡೆದರೆ ನಾನು ಆ ಮನೆಯ ಸೊಸೆ, ಇಲ್ಲದಿದ್ದರೆ ಗಂಡ ಬಿಟ್ಟವಳು.

ಮದ್ದಿನ ಸಾಬನಿಗೆ ಇದು ಗೊತ್ತಾದದ್ದು ಹೇಗೆಂದರೆ, ನಾನೇ ತಡೆಯಲಾರದೆ ನಕ್ಕುಬಿಟ್ಟದ್ದರಿಂದ. ಬಂದ ದಿನ ಆತ ನಮ್ಮ ಪಡಸಾಲೆಯ ಕೆಳಗೆ ಕೂತು ರೊಟ್ಟಿ ತಿನ್ನುತ್ತಿದ್ದ. ನಮ್ಮದು ಲಿಂಗವಂತರ ಮನೆ. ಆತನಿಗೆ ಎಲೆಯ ಮೇಲೆ ಬಡಿಸಿ, ಮೇಲಿನಿಂದ ಬೊಗಸೆಗೆ ನೀರು ಹಾಕುವ ಪದ್ಧತಿ. ಅದನ್ನು ಆತ ಗಮನಿಸದವನ ಹಾಗೆ ಬಡಾಯಿ ಕೊಚ್ಚುತ್ತಿದ್ದ: "ಕಲಬುರಗಿ ಕೋಟಿ ಹತ್ರ ರಂಜಾನದಾಗ ರೋಜಾ ಬಿಡೂ ಹೊತ್ತಿಗೆ ಹಾರಸೂ ತೋಪು ಅದಲ್ಲಾ, ಅದಕ್ಕ ಮದ್ದು ತುಂಬಾಂವ ನಾನೇ. ಒಂದ ವರ್ಷ ನಂಗ ಜ್ವರ ಬಂತು. ಬ್ಯಾರೆಯಾಂವ ತುಂಬಿದಾ. ಅದೇ ತೋಪು, ಅಷ್ಟೇ ಮದ್ದು. ಗುಂಡಿಲ್ಲದ ತೋಪಿಗೆ ಬಾಯಾಗ ಅರಿವಿ ಗಿಡದು ತುಂಬತೀವಿ. ಆ ಮಗಾ ಸಡ್ಲ ತುಂಬಿದಾ. ಬತ್ತಿ ಹಚ್ಚಿದ್ರ ಏನಾತು? ಭುಸ್ ಅಂತ ಮುದುಕ ಕೆಮ್ಮಿದಂಗ ಕೆಮ್ಮಿತು! ಇಡೀ ಮೊಹಲ್ಲಾ ಖಜೂರ ಕೈಯಾಗ ಹಿಡಕೊಂಡು ಒಬ್ಬರ ಮಾರಿ ಒಬ್ಬರು ನೋಡತಾರ, ತಿನ್ನಬೇಕೋ ಬ್ಯಾಡೋ!"

ಆ ಸಂಜೆ ನನಗೂ ನೆನಪಿತ್ತು. ನಮ್ಮ ಅಪ್ಪ ಅಂಗಳದಲ್ಲಿ ಬಿದ್ದು ಬಿದ್ದು ನಕ್ಕಿದ್ದ. ಬಾಗಿಲ ಹಿಂದೆ ನಿಂತಿದ್ದ ನನಗೂ ನಗೆ ಬಂತು. ಅತ್ತೆ ಹೊರಳಿ ನೋಡಿದಳು. ಆತ ಕೇಳಿದ: "ಯಾರದು? ಆ ತೋಪಿನ ಕೆಮ್ಮು ಕೇಳಿದಾಕಿ ಇರಬೇಕು."

"ನನ್ನ ಸೊಸಿ. ಕಲಬುರಗ್ಯಾಕಿ. ಇನ್ನ ಎಷ್ಟ ದಿನ ಇಲ್ಲಿ ಇರ್ತಾಳೋ ನಿನ್ನ ಕೈಯಾಗ ಅದ" ಅಂದಳು ಅತ್ತೆ, ಉಪ್ಪಿನಕಾಯಿ ಬಡಿಸುವಷ್ಟು ಸಲೀಸಾಗಿ. ವಿಷಯವನ್ನೆಲ್ಲ ಹೇಳಿದಳು ಕೂಡ.

ಆತ ರೊಟ್ಟಿ ಕೆಳಗಿಟ್ಟ. "ನಮ್ಮೂರ ಮಗಳೇನು!" ಅಂದ. ಆಮೇಲೆ ಬಾಗಿಲ ಕಡೆ ನೋಡದೆ, ನೆಲ ನೋಡುತ್ತ ಕೂಗಿದ: "ಬೇಟಿ, ಕೈಕೂ, ಯಾಕ ಹೆದರ್ತೀ? ನಿಮ್ಮಪ್ಪಗ ಗಾಡಿ ಕಟ್ಟಬ್ಯಾಡ ಅನ್ನು." ಊರ ಹೆಣ್ಣುಮಗಳು ಎಂದರೆ ಊರಿಗೆಲ್ಲ ಮಗಳು. ಅಂದಿನಿಂದ ಆತನಿಗೆ ಆ ಬಂಡೆ ಬರೀ ಬಂಡೆಯಾಗಿ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯ ಹತ್ತಿರ ಒಂದು ವೀಳ್ಯದೆಲೆ ಕೇಳಿದ. ತಿನ್ನಲಿಕ್ಕೆಂದು ಆಕೆ ಎಳೆಯದು ನೋಡಿ ಕೊಟ್ಟಳು. ಆತ ಅದನ್ನು ಕಲ್ಲಿನ ಮೇಲೆ ಹರಡಿ, ಚೀಲದಿಂದ ಚಿಟಿಕೆ ಮದ್ದು ತೆಗೆದು ಎಲೆಯ ಮೇಲಿಟ್ಟು, ದೂರದಿಂದ ಉದ್ದನೆಯ ಕಡ್ಡಿಯಲ್ಲಿ ಕಿಡಿ ಮುಟ್ಟಿಸಿದ. ಫಕ್ ಎಂದು ಬಿಳಿ ಹೊಗೆ ಎದ್ದಿತು, ಅಷ್ಟೆ. ಎಲೆ ಬಾಡಿರಲಿಲ್ಲ, ಸುಟ್ಟಿರಲಿಲ್ಲ. ಕೆಟ್ಟ ಮದ್ದಾಗಿದ್ದರೆ ಮೆಲ್ಲಗೆ ಉರಿದು, ಎಲೆ ಸುಟ್ಟು, ಕರಿ ಜಿಡ್ಡು ಬಿಟ್ಟುಹೋಗುತ್ತದಂತೆ. ಒಳ್ಳೆಯದು ನಿಲ್ಲುವುದೇ ಇಲ್ಲ, ಬೆಂಕಿ ಕಂಡ ಕ್ಷಣ ಹೊರಟೇಬಿಡುತ್ತದೆ.

"ನೋಡ್ರಿ ಅವ್ವಾರ, ಬೇಗಂ ಬಯಲಾಗ ಎಷ್ಟು ಸಣ್ಣಾಕಿ. ಎಲಿ ಸೈತ ಸುಡಂಗಿಲ್ಲ. ಇಕಿನ್ನ ಕ್ವಾಣ್ಯಾಗ ಕೂಡಿಸಿ, ಬಾಗಲಾ ಹಾಕಿ, ಸಂದಿ ಇಲ್ದಂಗ ಬಂದೋಬಸ್ತ್ ಮಾಡ್ರಿ. ಹೊಗಿಗೆ ಹೋಗಲಾಕ ದಾರಿ ಸಿಗಬಾರ್ದು. ಆಮ್ಯಾಲ ಗ್ವಾಡಿ ಉಳಿತಾವೇನು ನೋಡ್ರಿ!"

"ಹಂಗಾರ ನಿನ್ನ ಮನ್ಯಾಗಿನ ಬೇಗಂ?" ಅಂದಳು ಅತ್ತೆ. ಆಕೆಯೂ ಕಡಿಮೆ ಇರಲಿಲ್ಲ.

"ಆಕಿ ಬಾಗಲಾ ನಾ ಯಾವತ್ತೂ ಹಾಕಿಲ್ರೀ. ಗ್ವಾಡಿ ಹೊಸಾವ ಅವ!" ಎಂದು ಎಲೆಯ ಮೇಲಿನ ಬೂದಿ ಊದಿ, "ತಗೋರಿ, ಅಡಕಿ ಹಾಕ್ಕೊಂಡು ತಿನ್ರಿ" ಎಂದು ಚಾಚಿದ. ಅತ್ತೆ ಅದನ್ನು ಕಸಿದು ತಿಪ್ಪೆಗೆ ಎಸೆದಳು. ಆದರೆ ನಕ್ಕಳು. ನಾನು ಬಂದಮೇಲೆ ಆಕೆ ನಕ್ಕದ್ದು ಅಂದೇ ಮೊದಲು.

ಬಾವಿ ತೋಡುವವರು ಬಂಡೆಯಲ್ಲಿ ಉಕ್ಕಿನ ಉಳಿ ಹಿಡಿದು, ತಿರುವಿ ತಿರುವಿ ಹೊಡೆದು, ಮೊಳದುದ್ದಕ್ಕಿಂತ ಹೆಚ್ಚು ಆಳದ ತೂತು ಕೊರೆದರು. ಮದ್ದಿನ ಸಾಬ ಅದರೊಳಗಿನ ಒದ್ದೆಯನ್ನು ಬಟ್ಟೆ ಸುತ್ತಿದ ಕೋಲಿನಿಂದ ಒರೆಸಿ, ಮದ್ದು ಸುರಿದು, ಬತ್ತಿ ನಿಲ್ಲಿಸಿದ. ಇನ್ನು ಮೇಲೆ ಹುತ್ತದ ಮಣ್ಣು ತುಂಬಿ ಜಡಿಯಬೇಕು. ಮಣ್ಣು ತರಲು ಹೋದವರು ಇನ್ನೂ ಬಂದಿರಲಿಲ್ಲ, ಮಧ್ಯಾಹ್ನದ ನಮಾಜಿನ ಹೊತ್ತಾಯಿತು. "ಮಣ್ಣು ಬಂತಂದ್ರ ತುಂಬಿ ಇಡು" ಎಂದು ತೋಡುವವರಲ್ಲಿ ಹಿರಿಯನಿಗೆ ಹೇಳಿ ಆತ ಬೇವಿನ ಮರದ ಕಡೆ ಹೋದ.

ಆಗ ನನ್ನ ಅತ್ತೆ ಬಾವಿಗೆ ಇಳಿದಳು. ಕೈಯಲ್ಲಿ ಮೊರ, ಹಿಂದೆ ತಟ್ಟೆ ಹಿಡಿದ ನಾನು. ನಮ್ಮಲ್ಲಿ ಬಾವಿಗೆ ನೀರು ಬರುವ ಮುಂಚೆ ಗಂಗವ್ವನಿಗೆ ಉಡಿ ತುಂಬುವ ಪದ್ಧತಿ. ಬಸುರಿ ಹೆಂಗಸಿಗೆ ಸೆರಗಿನಲ್ಲಿ ಜೋಳ, ಅರಿಶಿನ ಬೇರು, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕುವ ಹಾಗೆ ತಾಯಿ ಗಂಗವ್ವನಿಗೂ ಹಾಕಬೇಕು. ಬಾವಿಯ ತಳ ಬರೀ ಬಂಡೆ. ಅತ್ತೆ ಆಚೀಚೆ ನೋಡಿದಳು. ಗಂಗವ್ವನ ಉಡಿಯ ಹಾಗೆ ಬಾಯಿ ತೆರೆದಿದ್ದದ್ದು ಆ ತೂತು ಒಂದೇ. ಭಕ್ತಿಯಿಂದ ಕಣ್ಣು ಮುಚ್ಚಿ ಬೊಗಸೆ ಬೊಗಸೆ ಜೋಳ ಅದರೊಳಗೇ ಸುರಿದಳು. ಉತ್ತತ್ತಿ ಹಾಕಿದಳು, ಅರಿಶಿನ ಹಾಕಿದಳು, ತುಂಬಿ ತುಳುಕಿದಾಗ ಮೇಲೆ ಒಂದಿಷ್ಟು ಹಸಿ ಮಣ್ಣು ಸವರಿ ಕುಂಕುಮ ಹಚ್ಚಿದಳು. ತೋಡುವ ಹಿರಿಯ ಬಾಯಿ ತೆರೆದ, ಮತ್ತೆ ಮುಚ್ಚಿದ. ಮನೆಯ ಯಜಮಾನತಿ ಕೈಮುಗಿದು ನಿಂತಾಗ ಯಾರು ಏನು ಹೇಳಬೇಕು?

ಮದ್ದಿನ ಸಾಬ ಬಂದವನು ಮೇಲಿನ ಮಣ್ಣು ಕಂಡ, ಕುಂಕುಮ ಕಂಡು ಮುಗುಳ್ನಕ್ಕ, ಎಲ್ಲ ಆಗಿದೆ ಎಂದುಕೊಂಡ. ನಮ್ಮನ್ನೆಲ್ಲ ದೂರ ಓಡಿಸಿ ಬತ್ತಿ ಹಚ್ಚಿ ಮೇಲೆ ಬಂದ.

ಅಂಥ ಸದ್ದನ್ನು ನಾನು ಕೇಳಿರಲಿಲ್ಲ. ಆಕಾಶ ಹರಿದಂತೆ ಢಾಮ್ ಎಂದಿತು. ಊರ ನಾಯಿಗಳೆಲ್ಲ ಬೊಗಳಿದವು. ಆಮೇಲೆ ಮೇಲಿನಿಂದ ಜೋಳ ಬೀಳತೊಡಗಿತು. ನಿಜವಾದ ಜೋಳ! ತಲೆಯ ಮೇಲೆ, ಎತ್ತಿನ ಬೆನ್ನ ಮೇಲೆ, ಮಾವನ ರುಮಾಲಿನ ಮೇಲೆ ಪಟಪಟ ಬಿತ್ತು. ಸುಟ್ಟ ಉತ್ತತ್ತಿಯೊಂದು ಅತ್ತೆಯ ಕಾಲ ಬುಡಕ್ಕೇ ಬಂದು ಬಿತ್ತು. ಕೆಲವು ಕಾಳು ಅರಳಾಗಿ ಬಿದ್ದವು ಎಂದು ಕಮಲಾಪುರದ ಗಂಡಸರು ಇವತ್ತಿಗೂ ಸುಳ್ಳು ಹೇಳುತ್ತಾರೆ. ಬಾವಿಯಲ್ಲಿ ಬಗ್ಗಿ ನೋಡಿದರೆ ಬಂಡೆಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ತೂತು ಬಂದೂಕಿನ ಬಾಯಿಯ ಹಾಗೆ ಹೊಗೆಯಾಡುತ್ತಿತ್ತು.

ಅತ್ತೆ ಎದೆ ಬಡಿದುಕೊಂಡಳು. "ಗಂಗವ್ವ ಉಡಿ ಒದ್ದಳು! ನಮ್ಮ ಉಡಿ ಬ್ಯಾಡಂತ ಒದ್ದಳು! ಇಕಿ ತಟ್ಟಿ ಹಿಡದು ಬಂದಿದ್ದಕ್ಕೇ ಒದ್ದಳು!" ಎಂದು ನನ್ನ ಕಡೆ ಬೆರಳು ಮಾಡಿದಳು. ಕೂಡಿದವರೆಲ್ಲ ನನ್ನನ್ನೇ ನೋಡಿದರು. ನನ್ನ ಕೈಯ ತಟ್ಟೆ ಕೆಳಗೆ ಬಿತ್ತು. ಇಷ್ಟು ಹೊತ್ತು ಕಲ್ಲು ತಂದವಳಾಗಿದ್ದೆ, ಈಗ ದೇವಿಯ ಸಿಟ್ಟು ತಂದವಳಾದೆ.

ತೋಡುವ ಹಿರಿಯ ಆಗ ಮುಂದೆ ಬಂದ. "ಅಲ್ರೀ, ಅದು ಏನಂದ್ರ, ಅವ್ವಾರೇ ತೂತಿನ್ಯಾಗ..." ಎಂದು ಶುರುಮಾಡಿದ. ಮದ್ದಿನ ಸಾಬ ಚಪ್ಪಲಿಯ ಕಾಲಿನಿಂದ ಅವನ ಕಾಲು ತುಳಿದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಆತನಿಗೆ ಎಲ್ಲ ತಿಳಿದಿತ್ತು. ಅತ್ತೆಯ ತಪ್ಪೆಂದು ಊರ ಮುಂದೆ ಹೇಳಿದ್ದರೆ ಆತನ ಕೀರ್ತಿ ಉಳಿಯುತ್ತಿತ್ತು. ಆದರೆ ಅವಮಾನವಾದ ಅತ್ತೆಯ ಮನೆಯಲ್ಲಿ ನಾನು ಉಳಿಯುತ್ತಿರಲಿಲ್ಲ.

"ಅವ್ವಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಅಂದ. "ಬಸರಿ ಹೆಣ್ಮಗಳಿಗೆ ಉಡಿ ತುಂಬಿದ ಮ್ಯಾಲ ಏನ ಮಾಡ್ತೀರಿ?"

"ಏನ ಮಾಡ್ತೀವಿ? ಸೆರಗಿಗೆ ಗಂಟು ಹಾಕ್ಕೊಂಡು ಹೋಗ್ತಾಳ."

"ಗಂಟು ಹಾಕದ ಎದ್ದು ನಿಂತ್ರ?"

"ಎಲ್ಲಾ ಚೆಲ್ತದ."

"ಚೆಲ್ಲಿದ್ರ ಆಕಿ ಉಡಿ ಒದ್ದಾಳ ಅಂತೀರೇನು?"

ನನ್ನ ಕಡೆ ಮಾಡಿದ್ದ ಬೆರಳನ್ನು ಅತ್ತೆ ಕೆಳಗಿಳಿಸಿದಳು.

"ಗಂಗವ್ವ ಒದ್ದಿಲ್ರೀ. ಉಡಿ ತುಂಬೂದು ನಿಮ್ಮ ಕೆಲಸ, ಗಂಟು ಹಾಕೂದು ನನ್ನ ಕೆಲಸ. ನಾ ನೋಡದ ಬತ್ತಿ ಹಚ್ಚಿದೆ. ನಂದ ತಪ್ಪು. ಇವತ್ತು ಮದ್ದಿನ ಸಾಬನ ತೂತು ಖಾಲಿ ಹಾರ್ಯದ, ಊರಿಗೆಲ್ಲ ಹೇಳ್ರಿ."

ಯಾರೋ ಹಿಂದಿನಿಂದ "ಬಳಿ ಎಂದಿನಿಂದ ಮಾರ್ತೀ ಸಾಬಾ?" ಎಂದು ಕೂಗಿದರು. ಎಲ್ಲರೂ ನಕ್ಕರು. ಆತನ ಮುಖ ಕೆಂಪಾಯಿತು. ಉತ್ತರ ಮಾತ್ರ ಕೊಡಲಿಲ್ಲ. ಬಾಯಿಗೆ ಬೀಗವಿಲ್ಲದ ಆ ಮನುಷ್ಯ ಅಂದು ನುಂಗಿಕೊಂಡದ್ದು ಎಷ್ಟೆಂದು ನನಗೆ ಈಗ, ಈ ವಯಸ್ಸಿನಲ್ಲಿ, ಚೆನ್ನಾಗಿ ತಿಳಿಯುತ್ತದೆ.

ಅತ್ತೆಗೆ ಇನ್ನೂ ಅನುಮಾನ. ಆತ ಎರಡು ಬೇಲದ ಕಾಯಿ ತರಿಸಿದ. ತಲೆಯಲ್ಲಿ ತೂತು ಮಾಡಿ ತಿರುಳು ತೆಗೆದು ಒಣ ಚಿಪ್ಪು ಮಾಡಿದ. ಎರಡಕ್ಕೂ ಒಂದೇ ಅಳತೆ ಮದ್ದು ಹಾಕಿದ. ಒಂದರ ಬಾಯಿಗೆ ಅತ್ತೆಯ ಕೈಯಿಂದಲೇ ಜೋಳ ತುಂಬಿಸಿದ, ಇನ್ನೊಂದರ ಬಾಯಿಗೆ ಹುತ್ತದ ಮಣ್ಣು ಬಿಗಿದ. ಬಾವಿಯೊಳಗೆ ಇಟ್ಟು ಬತ್ತಿ ಹಚ್ಚಿ ನಮ್ಮನ್ನು ದಂಡೆಯಿಂದ ದೂರ ನಿಲ್ಲಿಸಿದ. ಜೋಳದ ಕಾಯಿ ಕಾಳುಗಳನ್ನೆಲ್ಲ ಉಗುಳಿ ಹೊಗೆ ಬಿಟ್ಟು ಇಡಿಯಾಗಿ ಉಳಿಯಿತು. ಮಣ್ಣಿನ ಕಾಯಿಯ ಜಾಗದಲ್ಲಿ ಕಾಯಿಯೇ ಇರಲಿಲ್ಲ. ಚಿಪ್ಪಿನ ಚೂರುಗಳನ್ನು ಅತ್ತೆ ಕೈಯಲ್ಲಿ ಹಿಡಿದು ತಿರುವಿ ನೋಡಿದಳು. "ಕಾಳಿನ ಸಂದ್ಯಾಗ ಹಾದು ಹೋತು" ಅಂದಳು. "ಹೌ" ಅಂದ ಆತ, ಸಣ್ಣ ದನಿಯಲ್ಲಿ. "ಸಂದಿ ಸಿಕ್ರ ಬೇಗಂ ನಿಂದ್ರಂಗಿಲ್ಲ."

ಮರುದಿನ ಹೊಸ ತೂತು. ಈ ಸಲ ಆತ ಒಂದು ಷರತ್ತು ಹಾಕಿದ. ಗಂಟು, ಅಂದರೆ ತೂತಿನ ಬಾಯಿಗೆ ಜಡಿಯುವ ಮಣ್ಣು, ಮುತ್ತೈದೆಯ ಕೈಯಿಂದಲೇ ಬೀಳಬೇಕು, ಅದೂ ಸೊಸೆಯ ಕೈಯಿಂದ.

"ಇಕಿ ಕೈಲೇ? ಇಕಿ ಬಂದ ಮ್ಯಾಲೇ ಕಲ್ಲು ಬಂದದ ಅಂತೀನಿ!"

"ಅದಕ್ಕೇ ಅನ್ನಾಕತ್ತೀನಿ. ಕಲ್ಲು ತಂದಾಕಿ ಅಂತೀರಿ, ಒಡಿಯೂದೂ ಆಕಿ ಕೈಲೇ ಆಗ್ಲಿ."

ಅತ್ತೆ ಸೆರಗು ಸಿಕ್ಕಿಸಿ ಹುತ್ತದ ಮಣ್ಣು ಕಲಸಲು ಕೂತಳು. ನಾನೂ ಮನಸ್ಸಿನಿಂದ ಒಪ್ಪಿದೆ ಎಂದು ಬರೆದರೆ ಸುಳ್ಳು. ಈ ಸಲವೂ ಖಾಲಿ ಹೋದರೆ ಬೇರೆ ಯಾರನ್ನೂ ದೂರುವ ದಾರಿಯೇ ಇರುವುದಿಲ್ಲ. ಬಾವಿಗೆ ಇಳಿದೆ. ಆತ ಮದ್ದು ತುಂಬಿ, ಕಬ್ಬಿಣದ ಸಾಮಾನೆಲ್ಲ ಮೇಲೆ ಕಳಿಸಿ, ಕಟ್ಟಿಗೆಯ ಕೋಲನ್ನು ನನ್ನ ಕೈಗೆ ಕೊಟ್ಟ. ಕಬ್ಬಿಣ ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ, ಕಿಡಿ ಹಾರಿದರೆ ನಾವು ಯಾರೂ ಇಲ್ಲ. ಅತ್ತೆ ಹುತ್ತದ ಮಣ್ಣಿನ ಉಂಡೆ ಮಾಡಿ ಮಾಡಿ ಕೊಟ್ಟಳು, ನಾನು ಹಾಕಿ ಒತ್ತಿದೆ.

"ಮೊದಲ ಮೆಲ್ಲಕ ಬೇಟಿ, ಕೂಸಿನ ಬೆನ್ನು ತಟ್ಟಿದಂಗ. ಕೆಳಗ ಬೇಗಂ ಮಲಗ್ಯಾಳ. ಹಾಂ. ಈಗ ಇನ್ನೊಂದು ಉಂಡಿ. ಮ್ಯಾಲ ಬಂದಂಗ ಜೋರ ಮಾಡು. ಇನ್ನ ಜೋರ. ಅತ್ತಿ ಮ್ಯಾಲಿನ ಸಿಟ್ಟೆಲ್ಲಾ ಹಾಕು!"

"ನಂಗ ಕೇಳಸ್ತದ ಸಾಬಾ" ಅಂದಳು ಅತ್ತೆ, ಉಂಡೆ ಕೊಡುತ್ತಲೇ.

ನಾನು ಜಡಿದೆ. ತವರಿಗೆ ಹೋದ ಮಾತು, ನೆಂಟರ ಮಾತು, ಕೆಳಗೆ ಬಿದ್ದ ತಟ್ಟೆ, ಎಲ್ಲವನ್ನೂ ಆ ಮಣ್ಣಿನ ಮೇಲೆ ಹಾಕಿ ಜಡಿದೆ. ಕೊನೆಗೆ ಅದು ಕಲ್ಲಿನಷ್ಟೇ ಗಟ್ಟಿಯಾಯಿತು. ಅದರ ಮೇಲೆ ಅತ್ತೆ ಹೊಸ ಬಟ್ಟೆಯಲ್ಲಿ ಉಡಿ ಕಟ್ಟಿಟ್ಟಳು.

ಎಲ್ಲರೂ ದೂರ ನಿಂತಾಗ ಆತ ಕೂಗಿ ಹೇಳಿದ: "ಸಪ್ಪಳ ದೊಡ್ಡದು ಬರ್ತದಂತ ಕಿವಿ ಮುಚ್ಚಬ್ಯಾಡ್ರಿ. ಒದರಿತ್ತಂದ್ರ ಗಾಳಿಗೆ ಹೋತು. ಗುದ್ದಿತ್ತಂದ್ರ ಕಲ್ಲಿಗೆ ಹೋತು."

ಬತ್ತಿ ಉರಿಯಿತು. ನಾವು ಕಾದೆವು. ಢಾಮ್ ಎನ್ನಲಿಲ್ಲ. ನೆಲದ ಹೊಟ್ಟೆಯೊಳಗೆ ಯಾರೋ ಒಮ್ಮೆ ಮಗ್ಗಲು ಬದಲಿಸಿದಂತೆ ಧಪ್ ಎಂದಿತು. ಅಂಗಾಲಿಗೆ ಗೊತ್ತಾಯಿತು, ಕಿವಿಗೆ ಅಷ್ಟಾಗಿ ಗೊತ್ತಾಗಲಿಲ್ಲ. ಬಾವಿಯ ಬಾಯಿಂದ ಸ್ವಲ್ಪ ಧೂಳು, ಸೋಮಾರಿ ಹೊಗೆ. ಜನ ಒಬ್ಬರನ್ನೊಬ್ಬರು ನೋಡಿದರು. "ಇಷ್ಟ ಏನು?" ಅಂದಳು ಅತ್ತೆ. ಮದ್ದಿನ ಸಾಬ ಮಾತ್ರ ತಲೆಯ ಟೊಪ್ಪಿಗೆ ತೆಗೆದು ಆಕಾಶಕ್ಕೆ ಎಸೆದ.

ಜನ ಬಾವಿಯ ಕಡೆ ಓಡಲು ಹೊರಟಾಗ ಆತ ಎರಡೂ ಕೈ ಚಾಚಿ ಅಡ್ಡ ನಿಂತ. ಹೊಗೆ ಹೋಗಲಿ ಎಂದು ನಿಲ್ಲಿಸಿದ ಎಂದುಕೊಂಡೆವು. ಅದಷ್ಟೇ ಆಗಿರಲಿಲ್ಲ.

"ಅವ್ವಾರ, ಒಳಗ ಬಗ್ಗಿ ನೋಡೂ ಮುಂಚೆ ಕೇಳ್ರಿ. ಕಲ್ಲು ಒಡದದ, ಅದು ನನಗ ಗೊತ್ತು. ಕೆಳಗ ನೀರು ಅದನೋ ಇಲ್ಲೋ ಅದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಈ ಹುಡುಗಿಗೂ ಗೊತ್ತಿಲ್ಲ. ಆಕಿ ಕಾಲು ಹಚ್ಚಿ ನೀರು ಅಳಿಬ್ಯಾಡ್ರಿ. ನೀರು ಬಂದ್ರ ನಿಮ್ಮ ಭಕ್ತಿಗೆ ಬಂತು ಅನ್ರಿ. ಬರ್ಲಿಲ್ಲಂದ್ರ ಮದ್ದಿನ ಸಾಬ ಕೆಟ್ಟ ಜಾಗಾದಾಗ ಸುರಂಗ ಹಾಕಿದ ಅನ್ರಿ. ಕಲಬುರಗಿ ತನಾ ಅನ್ರಿ, ಬೀದರ ತನಾ ಅನ್ರಿ. ನಾ ಇಲ್ಲ ಅನ್ನಂಗಿಲ್ಲ."

ಊಟಕ್ಕೆ ಕೂತಲ್ಲೆಲ್ಲ ತನ್ನ ಹೊಗಳಿಕೆಯನ್ನೇ ಬಡಿಸಿಕೊಳ್ಳುತ್ತಿದ್ದ ಮನುಷ್ಯ ತನ್ನ ಹೆಸರನ್ನು ನನ್ನ ಸಲುವಾಗಿ ಹೀಗೆ ಊರ ಬಾಯಿಗೆ ಕೊಟ್ಟುಬಿಟ್ಟ. ಅದೂ ಎರಡನೆಯ ಸಲ.

ಅತ್ತೆ ಆತನನ್ನು ನೋಡಿದಳು. ನನ್ನನ್ನು ನೋಡಿದಳು. ನನ್ನ ಕೈ ಮೊಣಕೈವರೆಗೆ ಹುತ್ತದ ಮಣ್ಣಾಗಿತ್ತು, ಆಕೆಯದೂ ಹಾಗೆಯೇ ಇತ್ತು. "ಕಲಬುರಗಿಗೆ ಹೋಗೂ ಗಾಡಿ ಯಾವಾಗ ಅದ?" ಎಂದು ಮಾವನನ್ನು ಕೇಳಿದಳು. ನನ್ನನ್ನು ಕಳಿಸಲಿಕ್ಕೇ ಎಂದುಕೊಂಡೆ. ಆಕೆ ಮುಂದುವರಿಸಿದಳು: "ಬೀಗರಿಗೆ ಹೇಳಿಕಳಸ್ರಿ. ಸೊಸಿ ಇಲ್ಲೇ ಇರ್ತಾಳ. ನೀರಂದ್ರ, ಅದು ಬಂದಾಗ ಬರ್ಲಿ."

ಬಾವಿಯಲ್ಲಿ ಇನ್ನೂ ಯಾರೂ ಬಗ್ಗಿ ನೋಡಿರಲಿಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಇನ್ನೂ ಹೇಳುತ್ತೇನೆ. ಬಗ್ಗಿ ನೋಡುವ ಮುಂಚೆಯೇ ಅಂದಳು.

ಹೊಗೆ ಹೋದ ಮೇಲೆ ನೋಡಿದರೆ ಬಂಡೆ ರೊಟ್ಟಿ ಮುರಿದಂತೆ ಮುರಿದು ಬಿದ್ದಿತ್ತು. ಒಂದು ಹನಿ ನೀರಿರಲಿಲ್ಲ. ಯಾರೂ ನನ್ನ ಕಡೆ ಬೆರಳು ಮಾಡಲಿಲ್ಲ. ಮದ್ದಿನ ಸಾಬ ಅಂಗಿ ಹಾಕಿಕೊಂಡು, ಬೇಗಂಳನ್ನು ಗಾಡಿಯಲ್ಲಿ ಕೂಡಿಸಿಕೊಂಡು, ಹಿಂದೆ ನಡೆಯುತ್ತ ಹೋದ. ಕಲ್ಲಿನ ತುಂಡುಗಳನ್ನು ಎತ್ತಿ ಹಾಕುವುದೇ ಬಹಳ ದಿನದ ಕೆಲಸವಾಯಿತು. ಎಲ್ಲ ಎತ್ತಿ, ಕೆಳಗಿನ ಮೆತ್ತನೆಯ ಪದರು ಕೆದರಿದಾಗ ನೀರು ಬಂತು. ಬಾಳೆ ಹಚ್ಚಿದೆವು. ಆ ತೋಟ ನಮ್ಮನ್ನು ಸಾಕಿತು.

ನೀರು ಬಂದ ಸುದ್ದಿ ತವರಿಗೆ ಮುಟ್ಟುವ ಮುಂಚೆಯೇ ಅಪ್ಪ ನನ್ನನ್ನು ನೋಡಲು ಬಂದ. ಪಾಪ, ನಮ್ಮ ಮನೆಯಿಂದ ಹೋದ ಎರಡನೆಯ ಮಾತು ಆತನಿಗೆ ಸಿಕ್ಕಿರಲಿಲ್ಲ. ಮೊದಲಿನ ಕಹಿ ಮಾತು ಮಾತ್ರ ಸಿಕ್ಕಿತ್ತು. ಹಾಗಿದ್ದೂ ಅಪ್ಪ ನಗುತ್ತ ಗಾಡಿ ಇಳಿದ. ನನಗೆ ಆಶ್ಚರ್ಯ. "ಯಾಕಪ್ಪಾ, ಹೆದರಿರ್ಲಿಲ್ಲೇನು?" ಅಂದೆ.

"ಹೆದರಿದ್ದೆ. ಗಾಡಿ ಕಟ್ಟಾಕತ್ತಿದ್ದೆ, ನಿನ್ನ ಕರಕೊಂಡು ಬರಾಕ" ಅಂದ ಅಪ್ಪ. "ಬಜಾರದಾಗ ಹಗ್ಗ ತರಾಕ ಹೋದೆ. ಅತ್ತರದ ಅಂಗಡಿ ಮುಂದ ಒಬ್ಬ ಸಾಬ ಮಂದಿ ಕೂಡಿಸಿಕೊಂಡು ಒದರಾಕತ್ತಿದ್ದ. ಏನಂದ ಗೊತ್ತೇನು? 'ನಮ್ಮೂರ ಹುಡುಗಿ ಕಮಲಾಪುರದಾಗ ಹಾಸಬಂಡಿ ಒಡದಾಳ! ಎಂಥಾ ಬಂಡಿ! ನಾನೂ ಅಲ್ಲೇ ಇದ್ದೆ' ಅಂದ. ಯಾರೋ ಕೇಳಿದ್ರು, ನೀ ಏನ ಮಾಡಾಕತ್ತಿದ್ದಿ ಮತ್ತ ಅಂತ. 'ನನ್ನ ಸುಮ್ಮ ಕರಸಿದ್ರು' ಅಂದ, 'ಬತ್ತಿ ಹಚ್ಚಾಕ ಯಾರರೆ ಒಬ್ಬರು ಬೇಕಲ್ಲ!'"